ನೀನು ಹುಡುಕಿ ತಂದ ಬೆರಳು

ಮನೆಯಿಂದ,
ತಾರೀಕು ಹದಿಮೂರು, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಗೋದಾಮಿನ ಧೂಳಿಗೆ ಹಿಡಿದಿದ್ದ ಕೆಮ್ಮು ಬಿಟ್ಟಿತೋ ಇಲ್ಲವೋ? ಹಿಂದಿನ ಕಾಗದದಲ್ಲಿ ನೀನು ಅದರ ಸುದ್ದಿಯನ್ನೇ ಎತ್ತಿಲ್ಲ. ಅಂದರೆ ಇನ್ನೂ ಕೆಮ್ಮುತ್ತಿದ್ದೀಯ ಎಂದೇ ನಾನು ತಿಳಿದುಕೊಂಡಿದ್ದೇನೆ. ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ? ಚಿಕ್ಕವನಿದ್ದಾಗ ಮಂಡಿ ತರಚಿಕೊಂಡು ಬಂದರೆ ಚಡ್ಡಿಯನ್ನು ಕೆಳಗೆಳೆದು ಗಾಯ ಮುಚ್ಚಿ, ಏನೂ ಆಗದವನ ಹಾಗೆ ಊಟಕ್ಕೆ ಕೂರುತ್ತಿದ್ದವನು ನೀನು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡು. ಒಬ್ಬನೇ ಅಲ್ಲವೇ ಎಂದು ಬ್ರೆಡ್ಡು, ಚಹಾದಲ್ಲೇ ದಿನ ನೂಕಬೇಡ. ಇಲ್ಲಿ ಎಲ್ಲರೂ ಆರೋಗ್ಯವಾಗಿದ್ದೇವೆ. ಅಪ್ಪನ ಸೊಂಟ ನೋವು ಇದ್ದ ಹಾಗೇ ಇದೆ, ಯಾರಾದರೂ ವಿಚಾರಿಸಿದಾಗ ಮಾತ್ರ ಸ್ವಲ್ಪ ಜಾಸ್ತಿಯಾಗುತ್ತದೆ. ನಿನ್ನ ಭಾವನಿಗೆ ಕನ್ನಡಕ ಬಂದಿದೆ. ಬಂದ ದಿನದಿಂದ ಗೋಡೆಯಲ್ಲಿ ಬಿರುಕು, ಅನ್ನದಲ್ಲಿ ಕಲ್ಲು, ನನ್ನ ತಲೆಯಲ್ಲಿ ಬಿಳಿಕೂದಲು ಎಲ್ಲವನ್ನೂ ಒಂದೊಂದಾಗಿ ಕಂಡುಹಿಡಿದು ಹೇಳುತ್ತಿದ್ದಾರೆ. ಕನ್ನಡಕ ಹಾಕಿಸಿಕೊಳ್ಳಿ ಎಂದು ದುಂಬಾಲು ಬಿದ್ದವಳು ನಾನೇ, ಈಗ ಅನುಭವಿಸುತ್ತಿದ್ದೇನೆ.

ಈ ಅಕ್ಷರ ನೋಡಿ ನಿನಗೆ ಮೊದಲು ಏನು ಅನ್ನಿಸುತ್ತದೆ ಎಂದು ನನಗೆ ಗೊತ್ತು. ಹೌದು, ಬರೆಯುತ್ತಿರುವುದು ನಾನೇ, ಅದೂ ಬಲಗೈಯಲ್ಲಿ. ಇದುವರೆಗಿನ ಕಾಗದಗಳೆಲ್ಲ ನಾನು ಹೇಳಿ ಭಾವ ಬರೆದವು. ಅವರು ನನ್ನ ಬೈಗುಳವನ್ನೆಲ್ಲ ನುಂಗಿಕೊಂಡು 'ಅಕ್ಕ ನಿನ್ನನ್ನು ಸದಾ ನೆನೆಯುತ್ತಾಳೆ' ಎಂದು ಬರೆದು ಅಂಟಿಸಿಬಿಡುತ್ತಿದ್ದರು. ಇನ್ನು ಮೇಲೆ ನಿನಗೆ ಆ ಸೌಕರ್ಯ ಇಲ್ಲ. ಅಕ್ಷರ ಕೋಳಿ ಕೆದರಿದಂತಿದೆ, ಸಾಲುಗಳೆಲ್ಲ ಮೇಲಕ್ಕೆ ಏರಿಕೊಂಡು ಹೋಗುತ್ತಿವೆ, ಆದರೆ ಓದಲು ಬರುತ್ತದೆ. ಕೈಬರಹ ಕಂಡ ಕೂಡಲೇ ಬೆರಳು ಬಾಗಿತು, ಎಲ್ಲ ಸರಿಹೋಯಿತು ಎಂದು ಮಾತ್ರ ಕುಣಿಯಬೇಡ. ಪೂರ್ತಿ ಓದು. ಅರ್ಧಕ್ಕೇ ಮಡಿಚಿ ಜೇಬಿಗೆ ಹಾಕಿಕೊಳ್ಳಬೇಡ.

ನಿನ್ನ ಪ್ರತಿ ಕಾಗದದ ಮೊದಲ ಸಾಲೂ 'ಬೆರಳು ಹೇಗಿದೆ?' ಎಂದೇ. ಅಕ್ಕ ಹೇಗಿದ್ದಾಳೆ, ಅಪ್ಪ ಹೇಗಿದ್ದಾರೆ ಎಂಬುದೆಲ್ಲ ಆಮೇಲೆ. ಬಿಟ್ಟು ಹೋದ ಕರುವನ್ನು ವಿಚಾರಿಸಿಕೊಂಡ ಹಾಗೆ ಆ ಬೆರಳನ್ನು ವಿಚಾರಿಸಿಕೊಳ್ಳುತ್ತೀಯ. ಅದಕ್ಕೆ ಸರಿಯಾದ ಉತ್ತರ ಕೊಡಲಾರದೆ 'ಪರವಾಗಿಲ್ಲ, ಪರವಾಗಿಲ್ಲ' ಎಂದು ದಿನ ತಳ್ಳಿದೆವು. ಫೋನಿನಲ್ಲಿ ಹೇಳೋಣವೆಂದರೆ ನನ್ನ ದನಿ ಕೇಳಿದ ಕೂಡಲೇ ಹೂಂ, ಹೂಂ ಎಂದು 'ಭಾವಂಗೆ ಕೊಡು' ಅನ್ನುತ್ತೀಯ. ಅದಕ್ಕೇ ಈ ಕಾಗದ. ನಿನ್ನ ಮೇಲೆ ನನಗೆ ಸಿಟ್ಟಿದೆ ತಮ್ಮಾ, ತುಂಬ ಸಿಟ್ಟಿದೆ. ಕೈಗೆ ಆದದ್ದಕ್ಕೆ ಯಾವತ್ತೂ ನಿನ್ನ ಮೇಲೆ ಸಿಟ್ಟು ಬರಲಿಲ್ಲ. ಬ್ಯಾಂಡೇಜು ಬಿಚ್ಚುವ ಮೊದಲೇ ವಾರ್ಡಿನ ಬಾಗಿಲಲ್ಲಿ ನಿಂತು, ಮೇಲೆ ತಿರುಗುತ್ತಿದ್ದ ಫ್ಯಾನು ನೋಡುತ್ತ 'ಒಂದು ಕೆಲ್ಸ ಸಿಕ್ಕಿದೆ ಅಕ್ಕಾ, ಹೊರಡ್ತೀನಿ' ಎಂದು ಹೇಳಿ ಹೋದೆಯಲ್ಲ, ಅದಕ್ಕೆ ಬಂತು, ಇನ್ನೂ ಇಳಿದಿಲ್ಲ. ಹೊಲದಲ್ಲಿ ಹುಟ್ಟಿ ಬೆಳೆದವನು ಎಲ್ಲೋ ಬಾಗಿಲು ಮುಚ್ಚಿದ ಕಟ್ಟಡದಲ್ಲಿ ಯಾರದೋ ಪೆಟ್ಟಿಗೆಗಳನ್ನು ಎತ್ತಿ ಇಳಿಸಿಕೊಂಡಿದ್ದೀಯ. ನೀನು ಬರಬೇಕು. ಬರುವ ಮೊದಲು ಈ ಬೆರಳಿನ ವಿಷಯ ತಿಳಿದುಕೊಂಡು ಬರಬೇಕು. ಅದನ್ನು ಹೇಳಿದರೆ ಎಲ್ಲಿ ನೀನು ಬರುವುದೇ ಇಲ್ಲವೋ ಎಂಬ ಹೆದರಿಕೆ ನನಗೆ. ಇಷ್ಟು ದಿನ ಬಾಯಿ ಕಟ್ಟಿದ್ದು ಅದೇ.

ಅವತ್ತಿನದನ್ನೆಲ್ಲ ನೀನು ನಿನ್ನ ತಲೆಯಲ್ಲಿ ಬೇರೆ ಥರ ಕಟ್ಟಿಕೊಂಡಿದ್ದೀಯ ಎಂದು ಭಾವ ಹೇಳಿದರು. ಎಂಜಿನ್ ಆಫ್ ಮಾಡಬೇಕಿತ್ತು, ನಾನೇ ಅಕ್ಕನ ಕೈ ತೆಗೆದೆ ಎಂದು ಅವರ ಹತ್ತಿರ ಅಂದೆಯಂತೆ. ನಾನು ಕಂಡದ್ದನ್ನು ಕೇಳು. ಗೋಧಿ ಒಕ್ಕುತ್ತಿದ್ದೆವು. ನೀನು ಟ್ರ್ಯಾಕ್ಟರಿನ ಸೀಟಿನಲ್ಲಿ, ನಾನು ಒಕ್ಕಣೆ ಯಂತ್ರದ ಬಾಯಿಗೆ ಸಿವುಡಿನ ಕಟ್ಟು ಕೊಡುತ್ತ, ಭಾವ ಆ ಕಡೆ ಕಾಳು ಬೀಳುವಲ್ಲಿ ಚೀಲ ಹಿಡಿದುಕೊಂಡು. ಹಿಂದಿನ ದಿನ ಹನಿ ಬಿದ್ದು ಅಡಿಯ ಸಿವುಡುಗಳು ಹಸಿಯಾಗಿದ್ದವು. ಹುಲ್ಲು ಸುತ್ತಿಕೊಂಡು ಯಂತ್ರ ಕಟ್ಟಿಕೊಂಡಿತು. 'ರೇಸ್ ಇಳ್ಸೋ' ಎಂದು ನಾನು ಕೂಗಿದೆ. ನೀನು ಇಳಿಸಿದೆ. ನಾನು ಕೈ ಹಾಕಿ ಹುಲ್ಲು ಎಳೆದೆ. ಹುಲ್ಲು ಸಡಿಲಾಯಿತು, ತಡೆದು ನಿಂತಿದ್ದ ಉರುಳೆ ಒಮ್ಮೆಗೇ ಜಿಗಿಯಿತು. ಇದರಲ್ಲಿ ನಿನ್ನ ತಪ್ಪು ಎಲ್ಲಿದೆ, ನನಗೆ ತೋರಿಸು. ಆಫ್ ಮಾಡು ಎಂದು ನಾನು ಹೇಳಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಹಾಗೆ ಹೇಳಿದವರಲ್ಲ. ಅಪ್ಪನ ಕಾಲದ ಟ್ರ್ಯಾಕ್ಟರು ನಿನಗೆ ನೆನಪಿರಬೇಕು, ಅದರ ಬ್ಯಾಟರಿ ಸತ್ತೇ ಹೋಗಿತ್ತು. ಬೆಳಿಗ್ಗೆ ಎಲ್ಲರೂ ಸೇರಿ ಇಳಿಜಾರಿನಲ್ಲಿ ತಳ್ಳಿ ಚಾಲೂ ಮಾಡಿದರೆ ಸಂಜೆಯವರೆಗೆ ನಿಲ್ಲಿಸುವಂತಿರಲಿಲ್ಲ. ನಾವು ಊಟಕ್ಕೆ ಕೂತಾಗಲೂ ಅದು ಪಕ್ಕದಲ್ಲಿ ಗುಡುಗುಡು ಅನ್ನುತ್ತಲೇ ಇರುತ್ತಿತ್ತು. ಯಂತ್ರ ಕಟ್ಟಿಕೊಂಡರೆ ರೇಸ್ ಇಳಿಸುವುದು, ಕೈ ಹಾಕಿ ಬಿಡಿಸುವುದು. ಅಪ್ಪ ಹಾಗೆ ಮಾಡುತ್ತಿದ್ದರು, ನಾವು ನೋಡಿ ಕಲಿತೆವು. ಆಮೇಲೆ ಬ್ಯಾಟರಿ ಹೊಸದು ಬಂತು, ಟ್ರ್ಯಾಕ್ಟರೇ ಹೊಸದು ಬಂತು, ಕೀ ತಿರುಗಿಸಿದರೆ ಸಾಕು ಚಾಲೂ ಆಗುತ್ತದೆ. ಆದರೂ ನನ್ನ ಬಾಯಿಂದ ಬಂದದ್ದು ಅದೇ ಹಳೆಯ ಮಾತು, ನಿನ್ನ ಕೈ ಕೇಳಿದ್ದೂ ಅದನ್ನೇ. ಸತ್ತ ಬ್ಯಾಟರಿಯೊಂದಕ್ಕೆ ಹೆದರಿಕೊಂಡು ಇಷ್ಟು ವರ್ಷ ಬದುಕಿದ್ದೇವೆ ನೋಡು ನಾವು.

ಆಮೇಲಿನದು ನನಗೆ ಅಲ್ಲಲ್ಲಿ ಮಾತ್ರ ನೆನಪಿದೆ. ಭಾವ ಅಂಗಿ ಬಿಚ್ಚಿ ಕೈಗೆ ಸುತ್ತುತ್ತಿದ್ದರು. ನೀನು ಟ್ರ್ಯಾಕ್ಟರಿನಿಂದ ಹಾರಿ ಬಂದವನು ನನ್ನನ್ನು ದಾಟಿಕೊಂಡು ಹೋಗಿ ಹೊಟ್ಟಿನ ರಾಶಿಯಲ್ಲಿ ಮಂಡಿಯೂರಿದೆ. ಇವನಿಗೆ ತಲೆ ಕೆಟ್ಟಿತು ಎಂದುಕೊಂಡೆ. ಬೊಗಸೆ ಬೊಗಸೆ ಹೊಟ್ಟು ಎತ್ತಿ ಊದಿ ಊದಿ ನೋಡುತ್ತಿದ್ದೆ. ತುಂಡಾದ ಬೆರಳನ್ನು ಆಸ್ಪತ್ರೆಗೆ ಒಯ್ಯುವುದು ಹೇಗೆಂದು ಹಾಲಿನ ಕೇಂದ್ರದ ಗೋಡೆಗೆ ಅಂಟಿಸಿದ್ದ ಆ ಚಿತ್ರವನ್ನು ನಾವೆಲ್ಲ ದಿನಾ ನೋಡುತ್ತಿದ್ದೆವು, ಅದರ ಕೆಳಗಿನ ಬರಹವನ್ನು ಓದಿ ತಲೆಯಲ್ಲಿಟ್ಟುಕೊಂಡವನು ನೀನೊಬ್ಬನೇ. ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಆ ಚೀಲವನ್ನು ಐಸಿನ ಡಬ್ಬದಲ್ಲಿಟ್ಟು, ದಾರಿಯುದ್ದಕ್ಕೂ ತೊಡೆಯ ಮೇಲೆ ಹಿಡಿದುಕೊಂಡು ಕೂತಿದ್ದೆ. ಕಾರು ಗುಂಡಿಗೆ ಇಳಿದಾಗಲೆಲ್ಲ ಡಬ್ಬವನ್ನು ಎರಡೂ ಕೈಯಿಂದ ಮೇಲೆತ್ತುತ್ತಿದ್ದೆ. ನಾನು ನನ್ನ ಕೈ ನೋಡಲಿಲ್ಲ, ನಿನ್ನನ್ನೇ ನೋಡುತ್ತಿದ್ದೆ. ಆಸ್ಪತ್ರೆಯಲ್ಲಿ ಡಾಕ್ಟರು ಡಬ್ಬ ತೆರೆದು 'ಯಾರು ಇದನ್ನ ಇಷ್ಟು ಸರಿಯಾಗಿ ತಂದೋರು?' ಎಂದು ಕೇಳಿದರಂತೆ, ನೀನು ಶಾಲೆಯ ಹುಡುಗನ ಹಾಗೆ ಕೈ ಎತ್ತಿದೆಯಂತೆ. ಹೊಲಿದು ಸೇರಿಸಿದ ತೋರುಬೆರಳಿಗೆ ರಕ್ತ ಹರಿದು ಅದು ಕೆಂಪಗಾದಾಗ ಗೋಡೆಗೆ ಮುಖ ಮಾಡಿ ಅತ್ತೆಯೆಂದು ಭಾವ ಹೇಳಿದರು. ಅದನ್ನು ಕೇಳಿದ ಮೇಲೆಯೇ ನನಗೂ ಆ ಬೆರಳಿನ ಮೇಲೆ ಆಸೆ ಹುಟ್ಟಿತು.

ನೀನು ಹೊರಟುಹೋದ ಮೇಲೆ ನನ್ನನ್ನು ಕೈಗಳ ಕೊಠಡಿಗೆ ಹಾಕಿದರು. ಹಾಗೆ ಹೆಸರಿಟ್ಟವಳು ನಾನೇ. ಡಾಕ್ಟರ ಕೋಣೆಯ ಪಕ್ಕದಲ್ಲಿ ಉದ್ದನೆಯ ಕೊಠಡಿ, ನಡುವೆ ಉದ್ದನೆಯ ಮೇಜು, ಎರಡೂ ಬದಿಗೆ ಕೈ ಕೆಟ್ಟವರು ಎದುರುಬದುರಾಗಿ ಕೂತಿರುತ್ತಾರೆ. ಅಲ್ಲಿ ಯಾರೂ ಯಾರ ಹೆಸರನ್ನೂ ಕೇಳುವುದಿಲ್ಲ. ಹೊಸಬರು ಬಂದರೆ 'ಯಾವ ಮಿಷನ್ನು?' ಎಂದು ಕೇಳುತ್ತಾರೆ. ಎದುರಿಗಿದ್ದವನು ಗರಗಸದ ಮಿಲ್ಲಿನವನು, ಪಕ್ಕದವಳು ಅಚ್ಚುಕೂಟದವಳು. ವ್ಯಾಯಾಮ ಮಾಡಿಸುವವರು ಒಬ್ಬ ಕುಳ್ಳಗಿನ ಹೆಂಗಸು, ಅವರನ್ನು ನಾವೆಲ್ಲ ಟೀಚರ್ ಅನ್ನುತ್ತೇವೆ. ಕರಗಿದ ಮೇಣದಲ್ಲಿ ಕೈ ಅದ್ದಿಸಿ, ಬಿಸಿ ಆರುವ ಮೊದಲೇ ಒಂದೊಂದು ಗೆಣ್ಣನ್ನೂ ಹಿಡಿದು ಮಡಚುತ್ತಾರೆ. ಅಕ್ಕಿ ತುಂಬಿದ ಬೋಗುಣಿಯಲ್ಲಿ ಅಂಗಿಯ ಗುಂಡಿಗಳನ್ನು ಹೂತಿಟ್ಟು, ಕಣ್ಣು ಮುಚ್ಚಿ ಹುಡುಕಿ ತೆಗೆಯಿರಿ ಅನ್ನುತ್ತಾರೆ. ಮೊದಲ ವಾರಗಳಲ್ಲಿ ನನಗೆ ಅಕ್ಕಿ ಯಾವುದು ಗುಂಡಿ ಯಾವುದು ಗೊತ್ತಾಗುತ್ತಿರಲಿಲ್ಲ. ಒಂದು ದಿನ ತಡೆಯಲಾರದೆ ಅತ್ತುಬಿಟ್ಟೆ. 'ಅಳೋದಿದ್ರೆ ಅಳಿ, ಆದ್ರೆ ಬೆರಳು ಮಡಚ್ತಾ ಅಳಿ' ಎಂದರು ಟೀಚರ್. ಗರಗಸದವನು ನಕ್ಕ, ನಾನೂ ಅಳುತ್ತಲೇ ನಕ್ಕೆ. ನನ್ನ ಬಾಯಿಗೆ ಹೆದರದ ಮನುಷ್ಯರನ್ನು ನಾನು ಹೆಚ್ಚು ಕಂಡಿಲ್ಲ, ಆ ಹೆಂಗಸು ಒಬ್ಬರು.

ಮನೆಯಲ್ಲಿ ಗಾಯದ ಕಲೆಗೆ ದಿನಾ ಎಣ್ಣೆ ಹಚ್ಚಿ ಒತ್ತಿ ತಿಕ್ಕಬೇಕು, ಇಲ್ಲದಿದ್ದರೆ ಚರ್ಮ ಗಂಟುಕಟ್ಟಿಕೊಳ್ಳುತ್ತದೆ. ಮೊದಲು ಭಾವ ತಿಕ್ಕುತ್ತಿದ್ದರು. ಪಾಪ, ನನಗೆ ನೋವಾದೀತೆಂದು ಎಣ್ಣೆಯನ್ನು ಸುಮ್ಮನೆ ಮೇಲೆ ಮೇಲೆ ಸವರಿ ಎದ್ದುಹೋಗುತ್ತಿದ್ದರು. ಒಂದು ಬೆಳಿಗ್ಗೆ ಅಪ್ಪ ಬಂದು, ಮಂಚದ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತು, ನನ್ನ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು. ಬಾಗಿಲ ಕಡೆ ನೋಡಿಕೊಂಡು, ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ ತಿಕ್ಕಿದರು. ನಾನು ದೊಡ್ಡವಳಾದ ಮೇಲೆ ಅಪ್ಪ ನನ್ನ ಕೈ ಹಿಡಿದದ್ದು ನನಗೆ ನೆನಪಿಲ್ಲ. ಅವತ್ತಿನಿಂದ ಒಂದು ದಿನವೂ ಅವರು ತಪ್ಪಿಸಿಲ್ಲ. ಹೀಗೇ ತಿಕ್ಕುತ್ತ ಒಂದು ಸಲ 'ನಿಲ್ಸೋದನ್ನ ನಾನು ನಿಮಗೆ ಕಲಿಸ್ಲೇ ಇಲ್ಲ' ಎಂದರು. ಕೈ ಅವರ ತೊಡೆಯ ಮೇಲೆಯೇ ಇತ್ತು, ಹಾಗೇ ಬಿಟ್ಟೆ. ಅಪ್ಪನೂ ಇದನ್ನು ತಮ್ಮ ತಲೆಯ ಮೇಲೆ ಹಾಕಿಕೊಂಡಿದ್ದಾರೆ ಎಂದು ನಿನಗೆ ಗೊತ್ತಿರಲಿ. ಅವರು ಮನೆಯಲ್ಲೇ ಇದ್ದುಕೊಂಡು ಹೊತ್ತಿದ್ದಾರೆ.

ನಿನ್ನೆ ಇಲ್ಲಿಗೆ ಕೈ ಸೋತಿತು, ಎತ್ತಿಟ್ಟೆ. ಇವತ್ತು ಸೋಮವಾರ. ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ.

ಬೆರಳು ಬದುಕಿತು, ಅದರಲ್ಲಿ ಸುಳ್ಳಿಲ್ಲ. ಆದರೆ ಬದುಕಿದ್ದಷ್ಟೇ. ಗೆಣ್ಣು ಬಾಗಲೇ ಇಲ್ಲ. ಟೀಚರ್ ಎಷ್ಟು ಹೆಣಗಿದರೂ ಕೋಲಿನಂತೆ ನೆಟ್ಟಗೆ ನಿಂತಿತ್ತು. ಸೂಜಿ ಚುಚ್ಚಿದರೆ ಗೊತ್ತಾಗುತ್ತಿರಲಿಲ್ಲ, ತಣ್ಣೀರು ತಾಗಿದರೆ ಮಾತ್ರ ಮೊಣಕೈಯವರೆಗೆ ಜೀವ ಹೋಗುವಂಥ ನೋವು. ರವಿಕೆಯ ತೋಳಿಗೆ ಸಿಕ್ಕಿಕೊಳ್ಳುವುದು, ಬಾಗಿಲಿಗೆ ಬಡಿಯುವುದು, ಲೋಟ ಹಿಡಿದರೆ ಅದೊಂದು ಹೊರಗೆ ಚಾಚಿಕೊಂಡಿರುವುದು. ಎದುರು ಬಂದವರಿಗೆಲ್ಲ ಬೆರಳು ತೋರಿಸಿಕೊಂಡೇ ಓಡಾಡಿದೆ. ಅಂಗಡಿಯವನು ನಾನು ಕೇಳದ ಸೋಪೊಂದನ್ನು ಮೇಲಿನ ಸಾಲಿನಿಂದ ಇಳಿಸಿ 'ಇದೇ ತಾನೇ ತೋರಿಸಿದ್ದು?' ಎಂದು ಕೈಗೆ ಕೊಟ್ಟ. ಸಂಕೋಚಕ್ಕೆ ತೆಗೆದುಕೊಂಡು ಬಂದೆ. ನಾನೂ ಭಾವನೂ ಅದನ್ನು ನೆನೆದು ಹೊಟ್ಟೆ ಹುಣ್ಣಾಗುವಷ್ಟು ನಕ್ಕು, ಆಮೇಲೆ ಒಬ್ಬರ ಮುಖ ಒಬ್ಬರು ನೋಡದೆ ಕೂತೆವು. ಟೀಚರ್ ಒಂದು ದಿನ ನನ್ನ ಮುಂದೆ ಗುಂಡಿಗಳನ್ನು ಹರಡಿ, ನಾನು ಎತ್ತುವುದನ್ನು ನೋಡುತ್ತ ನಿಂತರು. ನಾನು ಹೆಬ್ಬೆರಳು, ನಡುಬೆರಳಿನಲ್ಲೇ ಎಲ್ಲವನ್ನೂ ಎತ್ತುತ್ತಿದ್ದೆ. ನನಗದು ಗೊತ್ತೇ ಇರಲಿಲ್ಲ. 'ನಿಮ್ಮ ಕೈ ಆಗ್ಲೇ ಆ ಬೆರಳನ್ನ ಬಿಟ್ಬಿಟ್ಟಿದೆ ಕಣಮ್ಮ, ನೀವು ಬಿಟ್ಟಿಲ್ಲ' ಎಂದರು. ಅವರು ಮೆಲ್ಲಗೆ ಮಾತಾಡಿದ್ದು ಅದೊಂದೇ ಸಲ.

ಡಾಕ್ಟರೂ ಅದನ್ನೇ ಹೇಳಿದರು. ಈ ಬೆರಳು ಇರುವವರೆಗೆ ಇಡೀ ಕೈ ಅದನ್ನು ಕಾಯುತ್ತ ಕೂತಿರುತ್ತದೆ, ತೆಗೆದರೆ ಉಳಿದದ್ದು ಕೆಲಸಕ್ಕೆ ಬರುತ್ತದೆ, ಯೋಚನೆ ಮಾಡಿ ಎಂದರು. ನಾನು ಆಗುವುದಿಲ್ಲ ಎಂದೆ. ಯಾಕೆ ಎಂದು ಕೇಳಿದರು. 'ಇದು ನನ್ನ ತಮ್ಮ ತಂದಿದ್ದು' ಎಂದೆ. ಪ್ರತಿ ಸಲ ಹೋದಾಗಲೂ ಬೆರಳನ್ನು ನೋಡುತ್ತಿದ್ದರು, ನನ್ನನ್ನು ನೋಡುತ್ತಿದ್ದರು, ಮುಂದಿನ ತಿಂಗಳು ಬನ್ನಿ ಅನ್ನುತ್ತಿದ್ದರು. ಭಾವ 'ನಿನ್ನ ಕೈ, ನಿನ್ನಿಷ್ಟ' ಎಂದರು. ಹಟ ಎಂದುಕೊಂಡಿರಬೇಕು ಎಲ್ಲರೂ. ನಾನು ನಿನ್ನ ಲೆಕ್ಕ ಹಾಕುತ್ತಿದ್ದೆ. ನೀನು ಮಂಡಿಯೂರಿ ಹೊಟ್ಟು ಊದಿ ಹುಡುಕಿ ತಂದದ್ದನ್ನು ನಾನು ಬೇಡವೆಂದು ತೆಗೆಸಿದೆ ಎಂದರೆ, ನಿನ್ನ ಹತ್ತಿರ ಮತ್ತೇನು ಉಳಿಯುತ್ತದೆ? ಟ್ರ್ಯಾಕ್ಟರ್ ಸೀಟಿನಲ್ಲಿ ಕೂತಿದ್ದದ್ದು ಮಾತ್ರ ಉಳಿಯುತ್ತದೆ. ಹಾಗೆ ಅನ್ನಿಸಿದಾಗಲೆಲ್ಲ ಬೆರಳಿಗೆ ಉಣ್ಣೆಯ ಚೀಲ ತೊಡಿಸಿಕೊಂಡು ಸಹಿಸಿಕೊಂಡೆ.

ಇದಕ್ಕೆ ಒಂದು ಕೊನೆ ಬಂದದ್ದು ಚೀಲ ಹೊಲಿಯುವಾಗ. 'ನಮ್ಮಕ್ಕ ಹೊಲಿದ ಚೀಲದ ಬಾಯಿ ಬಿಚ್ಚೋಕೆ ಕತ್ತಿನೇ ಬೇಕು' ಎಂದು ನೀನು ಎಲ್ಲರ ಮುಂದೆ ಜಂಬ ಕೊಚ್ಚುತ್ತಿದ್ದೆ. ಬೀಜದ ಗೋಧಿಯ ಚೀಲವೊಂದರ ಬಾಯಿ ಹರಿದಿತ್ತು. ಮನೆಯೊಳಗೆ ಯಾರೂ ಇರಲಿಲ್ಲ. ದಬ್ಬಣಕ್ಕೆ ಸೆಣಬಿನ ದಾರ ಪೋಣಿಸಿಕೊಂಡು ಹೊಲಿಯಲು ಕೂತೆ. ಬರುತ್ತಿದೆ, ಕೈಗೆ ಮರೆತಿಲ್ಲ ಎಂದು ಎಷ್ಟು ಸಂತೋಷವಾಯಿತೆಂದರೆ, ಹಾಡು ಗುನುಗುತ್ತ ಹೊಲಿದೆ. ಮುಗಿಸಿ ಏಳಲು ಹೋದರೆ ಕೈ ಬರಲಿಲ್ಲ. ನೋಡಿದೆ. ಚೀಲದ ಜೊತೆಗೆ ಬೆರಳಿನ ತುದಿಯನ್ನೂ ಸೇರಿಸಿ ಹೊಲಿದಿದ್ದೆ. ಚೀಲದ ಅಂಚೆಲ್ಲ ರಕ್ತ, ನನಗೆ ಒಂದಿಷ್ಟೂ ಗೊತ್ತಾಗಿರಲಿಲ್ಲ. ಅಪ್ಪ ಹಿತ್ತಲಿನಿಂದ ಬಂದು ದಾರ ಕತ್ತರಿಸುವವರೆಗೆ ಚೀಲವನ್ನು ತಬ್ಬಿಕೊಂಡು ಕೂತಿದ್ದೆ. ನೋವಿಲ್ಲದೆ ಅಷ್ಟು ಹೆದರಿಕೆಯಾದದ್ದು ನನಗೆ ಜೀವನದಲ್ಲೇ ಮೊದಲು. ಅದು ನನ್ನ ಮೈಯಲ್ಲಿತ್ತು, ಆದರೆ ನನ್ನದಾಗಿರಲಿಲ್ಲ. ಸಂಜೆ ಭಾವ ಬಂದ ಕೂಡಲೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಎಂದೆ.

ತೆಗೆದು ತಿಂಗಳುಗಳಾದವು ತಮ್ಮಾ. ನಿನಗೆ ತಿಳಿಸದೆ ತೆಗೆಸಿದೆ. ನಿನ್ನನ್ನು ಕೇಳಿದ್ದರೆ ನೀನು ಆಗಲಿ ಅನ್ನುತ್ತಿದ್ದೆ, ಫ್ಯಾನು ನೋಡಿಕೊಂಡು. ಅದು ನನಗೆ ಬೇಕಿರಲಿಲ್ಲ. ಎಚ್ಚರವಾದಾಗ ಬ್ಯಾಂಡೇಜಿನ ಆಕಾರ ನೋಡಿ ಗೊತ್ತಾಯಿತು. ಡಾಕ್ಟರು ಅಂಗೈಯ ಒಳಗಿನ ಎಲುಬನ್ನೂ ಸ್ವಲ್ಪ ತೆಗೆದು ಒಪ್ಪವಾಗಿ ಹೊಲಿದಿದ್ದಾರೆ, ಕೈ ಕೊಂಚ ಕಿರಿದಾಗಿದೆ, ಥಟ್ಟನೆ ನೋಡಿದವರಿಗೆ ಏನೋ ಒಂದು ಕಡಿಮೆ ಅನ್ನಿಸುತ್ತದೆ, ಏನೆಂದು ತಿಳಿಯುವುದಿಲ್ಲ. ಅತ್ತೆ. ಎರಡು ದಿನ ಊಟ ಮಾಡಲಿಲ್ಲ. ಸತ್ತವರಿಗೆ ಅಳುವ ಹಾಗೆ ಅತ್ತೆ ಎಂದು ಭಾವ ಹೇಳುತ್ತಾರೆ. ಯಂತ್ರವೇ ಬೆರಳು ಕತ್ತರಿಸಿದಾಗ ಅಳಲು ಪುರುಸೊತ್ತೇ ಆಗಿರಲಿಲ್ಲ, ಅದೂ ಇದರಲ್ಲಿ ಸೇರಿಕೊಂಡಿತೋ ಏನೋ. ಈಗಲೂ ಇಲ್ಲದ ಬೆರಳಿನ ತುದಿ ಒಮ್ಮೊಮ್ಮೆ ತುರಿಸುತ್ತದೆ. ಬಿಗಿಯಾದ ಮುಚ್ಚಳ ತೆಗೆಯಲು ಆಗುವುದಿಲ್ಲ. ಚಳಿ ಬಿದ್ದ ಬೆಳಿಗ್ಗೆ ಕೈ ಮರಗಟ್ಟಿ ಬೆಚ್ಚಗಾಗುವವರೆಗೆ ಯಾರನ್ನಾದರೂ ಬೈಯಬೇಕು ಅನ್ನಿಸುತ್ತದೆ, ಸಾಮಾನ್ಯವಾಗಿ ಭಾವ ಸಿಗುತ್ತಾರೆ. ಆದರೆ ಈರುಳ್ಳಿ ಹೆಚ್ಚುತ್ತೇನೆ. ಗುಂಡಿ ಹಾಕಿಕೊಳ್ಳುತ್ತೇನೆ. ಹಾಲು ಕರೆಯುತ್ತೇನೆ, ಹೊತ್ತು ಹಿಡಿಯುತ್ತದೆ. ಹೆಬ್ಬೆರಳು, ನಡುಬೆರಳ ನಡುವೆ ಪೆನ್ನು ಹಿಡಿದು ಇಷ್ಟು ಪುಟ ಬರೆದಿದ್ದೇನೆ. ಬೀಜದ ಚೀಲವನ್ನು ಬಿಚ್ಚಿ ಮತ್ತೆ ಹೊಲಿದೆ.

ನೀನು ತಂದದ್ದು ದಂಡವಾಯಿತು ಎಂದು ಎಲ್ಲೋ ಒಬ್ಬನೇ ಕೂತು ತೀರ್ಮಾನ ಮಾಡಿಕೊಳ್ಳಬೇಡ. ನೀನು ಆ ಡಬ್ಬ ಹಿಡಿದುಕೊಂಡು ಕೂತಿದ್ದರಿಂದ ಆ ದಾರಿಯುದ್ದಕ್ಕೂ ನಾನು ಕಣ್ಣು ತೆರೆದುಕೊಂಡಿದ್ದೆ. ಆ ಬೆರಳು ಇತ್ತೆಂದೇ ನಾನು ಕೈಗಳ ಕೊಠಡಿಗೆ ಹೋದೆ, ಮೇಣದಲ್ಲಿ ಅದ್ದಿಸಿಕೊಂಡೆ, ಟೀಚರ್ ಕೈಲಿ ಬೈಸಿಕೊಂಡೆ. ಮೊದಲ ದಿನವೇ ಇಲ್ಲವಾಗಿದ್ದರೆ ಹೋದದ್ದು ಹೋಯಿತು ಎಂದು ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೂಲೆ ಹಿಡಿಯುತ್ತಿದ್ದೆ, ನನ್ನ ಬುದ್ಧಿ ನನಗೆ ಗೊತ್ತು. ನೀನು ಅದನ್ನು ಬದುಕಿಸಿ ಕೊಟ್ಟೆ, ಅದು ಇದ್ದಷ್ಟು ದಿನ ನನ್ನನ್ನು ಬದುಕಿಸಿತು. ನನಗೆ ಹೇಳಲು ಬರುವುದು ಇಷ್ಟೇ. ನಿನ್ನ ಮೇಲೆ ನನಗೆ ಸಿಟ್ಟಿರುವಷ್ಟೇ ಪ್ರೀತಿಯೂ ಇದೆ, ನೀನು ಇಲ್ಲದ ಈ ಮನೆಯಲ್ಲಿ ನನಗೆ ಜಗಳವಾಡಲು ಸರಿಸಮ ಯಾರೂ ಇಲ್ಲ.

ಅಪ್ಪ ನಿನಗೆ ಆಶೀರ್ವಾದ ತಿಳಿಸಿದ್ದಾರೆ. ನೀನು ಬಿಟ್ಟುಹೋದ ಅಂಗಿಗಳನ್ನು ತಿಂಗಳಿಗೊಮ್ಮೆ ಬಿಸಿಲಿಗೆ ಹಾಕುತ್ತಾರೆ, ನಾನು ಕಂಡೂ ಕಾಣದವಳ ಹಾಗಿರುತ್ತೇನೆ. ಭಾವ ಕೇಳಿದ್ದಾರೆ ಎಂದು ಬರೆ ಅಂದರು. ಮೈ ನೋಡಿಕೋ. ಎಲ್ಲಿದ್ದರೂ ನೀನು ಚೆನ್ನಾಗಿರು ಎಂದು ಬರೆಯಲು ಮನಸ್ಸು ಬರುತ್ತಿಲ್ಲ, ಇಲ್ಲಿಗೆ ಬಂದು ಚೆನ್ನಾಗಿರು.

ನಿನ್ನ
ಅಕ್ಕ

ವಿ.ಸೂ.: ಭಾವ ಅಂಚೆಗೆ ಹಾಕಲು ಚಪ್ಪಲಿ ಮೆಟ್ಟಿ ನಿಂತಿದ್ದಾರೆ, ಬೇಗ ಬೇಗ ಬರೆಯುತ್ತಿದ್ದೇನೆ. ಗೋಧಿ ಕೊಯ್ಲು ಮುಗಿಯಿತು, ಸಿವುಡು ಒಟ್ಟಿದ್ದೇವೆ, ಮುಂದಿನ ವಾರ ಒಕ್ಕಬೇಕು. ಟ್ರ್ಯಾಕ್ಟರಿಗೆ ಎಂದು ಭಾವ ಒಬ್ಬರನ್ನು ಗೊತ್ತು ಮಾಡಿದ್ದರು. ನಿನ್ನೆ ಪರೀಕ್ಷೆಗೆ ಯಂತ್ರ ಚಾಲೂ ಮಾಡಿದರು, ನಾನು ಒಂದು ಸಿವುಡು ಹಿಡಿದು ಅದರ ಬಾಯಿಯ ಮುಂದೆ ನಿಂತೆ. ಅಲ್ಲೇ ಕುಸಿದು ಕೂತೆ. ಇದನ್ನು ಮೇಲೆಲ್ಲೂ ಬರೆದಿಲ್ಲ, ಧೈರ್ಯವಂತೆಯ ಹಾಗೆ ಬರೆದಿದ್ದೇನೆ. ನನಗೆ ಹೆದರಿಕೆಯಾಗುತ್ತದೆ ತಮ್ಮಾ. ಅವರನ್ನು ವಾಪಸು ಕಳಿಸಿದೆ. ಆ ಸೀಟಿನಲ್ಲಿ ಬೇರೆ ಯಾರು ಕೂತರೂ ನಾನು ಅಲ್ಲಿ ನಿಲ್ಲಲಾರೆ. ನೀನು ಬಂದು ಕೂರು. ಯಂತ್ರ ಕಟ್ಟಿಕೊಂಡಾಗ ಆಫ್ ಮಾಡು ಎಂದು ಕೂಗುತ್ತೇನೆ. ನೀನು ಆಫ್ ಮಾಡಿ, ಕೆಳಗಿಳಿದು ಬಂದು, ಕೀಯನ್ನು ನನ್ನ ಕೈಯಲ್ಲಿಡಬೇಕು. ಬಲಗೈಯನ್ನೇ ಚಾಚುತ್ತೇನೆ. ನೋಡಿಕೊಂಡೇ ಇಡು.